ರೆಕ್ಕೆ ಮಡಿಸಿದ ಹವ್ಯಾಸಿಗಳು

ಗುರುಮಠಕಲ್ಲಿನ ಯಾವುದಾದರೊಂದು ಮನೆಯ ಮಾಳಿಗೆಯ ಮೇಲೆ ನಿಂತು ನಿರಭ್ರವಾದ ದಿನ ತಲೆಯೆತ್ತಿ ನೋಡಿದರೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಬಿಳಿಯ ಗೆರೆಯೆಳೆಯುತ್ತ ಸಾಗುವ ದೊಡ್ಡ ವಿಮಾನವೊಂದು ಕಂಡೀತು. ಅದರ ಸದ್ದು ನಮ್ಮನ್ನು ಮುಟ್ಟುವ ಹೊತ್ತಿಗೆ ಅದು ಮುಂದಿನ ತಾಲ್ಲೂಕನ್ನು ದಾಟಿರುತ್ತದೆ. ಅದರಲ್ಲಿ ಕುಳಿತವರಿಗೆ ನಮ್ಮ ಊರು ಕಾಣುವುದಿಲ್ಲ. ನಮಗೆ ಅವರು ಕಾಣುವುದಿಲ್ಲ. ಇನ್ನೊಂದು ಬಗೆಯ ವಿಮಾನವನ್ನು ನೋಡಬೇಕಾದರೆ ಕಲಬುರಗಿಯ ದಿಕ್ಕಿಗೆ ಸಾಗಬೇಕು. ಅಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ತೆರೆಯಿತು. ಅದರ ಬೆನ್ನಿಗೇ ವಿಮಾನ ಚಾಲನೆ ಕಲಿಸುವ ಶಾಲೆಗಳೂ ಬಂದವು. ಒಂದೇ ಎಂಜಿನ್ನಿನ, ಎರಡು ಅಥವಾ ನಾಲ್ಕು ಆಸನಗಳ ಆ ಪುಟ್ಟ ವಿಮಾನಗಳು ತೊಗರಿಯ ಹೊಲಗಳ ಮೇಲೆ ತಗ್ಗಿನಲ್ಲಿ ಗುಂಯ್‌ಗುಡುತ್ತ ಸುತ್ತುವಾಗ, ಕಳೆ ಕೀಳುವವರೂ ಸೊಂಟ ನೆಟ್ಟಗೆ ಮಾಡಿ ಒಂದು ಗಳಿಗೆ ನೋಡುತ್ತಾರೆ. ಇದನ್ನು ನಡೆಸುವವನೂ ನಮ್ಮಂಥ ಮನುಷ್ಯನೇ ಎಂಬ ಭಾವನೆ ಆ ಪುಟ್ಟ ವಿಮಾನವನ್ನು ಕಂಡಾಗ ಬರುವಷ್ಟು ಆ ದೊಡ್ಡ ವಿಮಾನವನ್ನು ಕಂಡಾಗ ಬರುವುದಿಲ್ಲ.

ಆದರೆ ಆ ಪುಟ್ಟ ವಿಮಾನದಲ್ಲಿ ಕುಳಿತವನು ಯಾರು? ಬಹುಮಟ್ಟಿಗೆ ಅವನೊಬ್ಬ ವಿದ್ಯಾರ್ಥಿ. ನಾಳೆ ದೊಡ್ಡ ಕಂಪನಿಯೊಂದರಲ್ಲಿ ಉದ್ಯೋಗ ಹಿಡಿಯಬೇಕೆಂದು ಗಂಟೆ ಎಣಿಸುತ್ತಿರುವವನು. ಕೇವಲ ಸಂತೋಷಕ್ಕಾಗಿ, ಹಾರುವುದಕ್ಕಾಗಿಯೇ ಹಾರುವವನು ಅಲ್ಲಿ ಅಪರೂಪ. ಅಂಥವರು ಇಲ್ಲವೇ ಇಲ್ಲವೆಂದಲ್ಲ. ಲೈಸೆನ್ಸು ಪಡೆದವರು ನಮ್ಮ ನಾಡಿನಲ್ಲಿಯೂ ಇದ್ದಾರೆ, ಹೊರದೇಶಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ವರ್ಷದಿಂದ ವರ್ಷಕ್ಕೆ ಕಡಿಮೆ ಕಡಿಮೆ ಹಾರುತ್ತಾರೆ. ಕೊನೆಗೊಂದು ದಿನ ಲೈಸೆನ್ಸಿನ ಪುಸ್ತಕ ಕಬ್ಬಿಣದ ಪೆಟ್ಟಿಗೆಯ ತಳ ಸೇರುತ್ತದೆ. ಹಣ, ಶ್ರಮ, ಧೈರ್ಯಗಳನ್ನು ಸುರಿದು ಗಳಿಸಿದ ವಿದ್ಯೆಯನ್ನು ಮನುಷ್ಯ ಹೀಗೇಕೆ ಕೈಬಿಡುತ್ತಾನೆ? ಈ ಪ್ರಶ್ನೆಯನ್ನು ಕೇಳುಗ ಮಿತ್ರರ ಮುಂದಿಡಬೇಕೆಂದು ನನ್ನ ಉದ್ದೇಶ.

ವಿಮಾನ ನಡೆಸುವವರಲ್ಲಿ ಎರಡು ವರ್ಗ. ಅದನ್ನೇ ಜೀವನೋಪಾಯವಾಗಿ ಹಿಡಿದವರು ಒಂದು ವರ್ಗ. ಅವರಿಗೆ ನಮ್ಮ ದೇಶದಲ್ಲಿ ಕನಿಷ್ಠ 200 ಗಂಟೆಗಳ ಹಾರಾಟದ ಅನುಭವ ಬೇಕು. ಎರಡನೆಯವರು ಖಾಸಗಿ ಚಾಲಕರು. ಹದಿನೇಳು ವರ್ಷ ತುಂಬಿ, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹವಾಮಾನ, ನಿಯಮ, ಯಂತ್ರವಿಜ್ಞಾನಗಳನ್ನು ಓದಿ, 40 ಗಂಟೆಗಳಷ್ಟಾದರೂ ಹಾರಿ ಪರೀಕ್ಷೆ ಕೊಟ್ಟವರಿಗೆ ಈ ಲೈಸೆನ್ಸು ದೊರೆಯುತ್ತದೆ. ಇವರು ಬಂಧುಮಿತ್ರರನ್ನು ಕೂರಿಸಿಕೊಂಡು ಹಾರಬಹುದು. ಆದರೆ ಹಾರಿಸಿದ್ದಕ್ಕಾಗಿ ಸಂಬಳ ಪಡೆಯುವಂತಿಲ್ಲ. ಅಂದರೆ ಇವರ ಹಾರಾಟವೆಲ್ಲ ಸ್ವಂತ ಖರ್ಚಿನದು, ಸ್ವಂತ ಇಚ್ಛೆಯದು.

ಇಂದು ಈ ಎರಡನೆಯ ವರ್ಗ ಮೂಲೆಗೆ ಸರಿದಂತೆ ಕಂಡರೂ, ಭಾರತದ ವಿಮಾನಯಾನ ಮೊಳೆತದ್ದು ಹವ್ಯಾಸದ ಮಣ್ಣಿನಲ್ಲಿ. 1928ರ ಸುಮಾರಿಗೆ ಸರಕಾರದ ಸಹಾಯಧನದಿಂದ ದೆಹಲಿ, ಮುಂಬಯಿ, ಕಲ್ಕತ್ತೆಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದವು. 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ಟಾಟಾ ಅವರಿಗೆ ದೊರೆತ ಲೈಸೆನ್ಸಿನ ಸಂಖ್ಯೆ ಒಂದು. ಹಾರುವ ಹುಚ್ಚಿನಿಂದ ಕಲಿತ ಆ ತರುಣರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹೊತ್ತು ತಂದಾಗ ಹವ್ಯಾಸವು ಉದ್ಯಮವಾಯಿತು. ಕನ್ನಡನಾಡಿನಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ 1948ರಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ಅದೇ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ‘ಪುಷ್ಪಕ’ ಎಂಬ ವಿಮಾನ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿಗೆ ಹಾರಿತು. ಅಕ್ಕಪಕ್ಕದಲ್ಲಿ ಇಬ್ಬರು ಕೂರುವಂತಹ, ಬಟ್ಟೆ ಹೊದಿಸಿದ, ತೊಂಬತ್ತು ಕುದುರೆಶಕ್ತಿಯ ಆ ಸರಳ ಯಂತ್ರ ಹುಟ್ಟಿದ್ದೇ ಕ್ಲಬ್ಬುಗಳಿಗಾಗಿ. ಸುಮಾರು ನೂರರವತ್ತು ಪುಷ್ಪಕಗಳು ತಯಾರಾದವು. ಒಂದು ತಲೆಮಾರಿನ ಭಾರತೀಯರು, ಉದ್ಯೋಗಕ್ಕೆ ಹೊರಟವರು ಮತ್ತು ಹವ್ಯಾಸಕ್ಕೆ ಬಂದವರು ಇಬ್ಬರೂ, ಅವುಗಳಲ್ಲಿಯೇ ಕೈ ಪಳಗಿಸಿಕೊಂಡರು.

ಇತಿಹಾಸವನ್ನು ಇಲ್ಲಿಗೇ ನಿಲ್ಲಿಸಿ, ಕಾರಣಗಳನ್ನು ಒಬ್ಬ ಮನುಷ್ಯನ ಮೂಲಕವೇ ನೋಡೋಣ. ಗುರುಮಠಕಲ್ಲಿನಲ್ಲಿ ತೊಗರಿಬೇಳೆಯ ಗಿರಣಿಯೊಂದರ ಯಜಮಾನರನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೈದು. ಎಳವೆಯಿಂದಲೂ ಆಕಾಶದ ಹಂಬಲ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಎಲ್ಲಿಯೋ ಕಲಿತು ಖಾಸಗಿ ಲೈಸೆನ್ಸು ಪಡೆದರು. ಕಲಬುರಗಿಯಲ್ಲಿ ಇವರಿಗೆ ಗಂಟೆಯ ಲೆಕ್ಕದಲ್ಲಿ ವಿಮಾನ ಕೊಡುವವರೂ ಸಿಕ್ಕರು ಎಂದೇ ಇಟ್ಟುಕೊಳ್ಳೋಣ. ಮೊದಲ ವರ್ಷ ಇಪ್ಪತ್ತೈದು ಗಂಟೆ ಹಾರಿದರು, ಎರಡನೆಯ ವರ್ಷ ಹತ್ತು, ಮೂರನೆಯ ವರ್ಷ ಮೂರು. ಆಸೆ ಬತ್ತಿತೇ? ಇಲ್ಲ. ಈಗಲೂ ವಿಮಾನದ ಸದ್ದಾದರೆ ಗಲ್ಲೆಯ ಮುಂದಿನಿಂದ ಎದ್ದು ಅಂಗಳಕ್ಕೆ ಬರುತ್ತಾರೆ. ಹಾಗಾದರೆ ಆದದ್ದೇನು?

ಮೊದಲನೆಯದು ಹೊತ್ತಿನ ಅಭಾವ. ಗುರುಮಠಕಲ್ಲಿನಿಂದ ಕಲಬುರಗಿಗೆ ಹಕ್ಕಿಯ ದಾರಿಯಲ್ಲಿ ಸುಮಾರು 65 ಕಿಲೋಮೀಟರ್. ಸಣ್ಣ ವಿಮಾನಕ್ಕೆ ಅದು ಇಪ್ಪತ್ತು–ಇಪ್ಪತ್ತೈದು ನಿಮಿಷದ ಮಾತು. ಆದರೆ ವಿಮಾನವನ್ನು ಮುಟ್ಟಬೇಕಾದರೆ ಯಜಮಾನರು ಸೇಡಂ ಮಾರ್ಗವಾಗಿ ಮೋಟಾರಿನಲ್ಲಿ ಎರಡು ಗಂಟೆ ಸಾಗಬೇಕು. ಹೋದೊಡನೆ ಹತ್ತಿ ಹಾರುವಂತಿಲ್ಲ. ಹವೆಯ ವರದಿ ನೋಡಬೇಕು. ಹಾರಾಟದ ಯೋಜನೆಯನ್ನು ಬರೆದು ಒಪ್ಪಿಸಬೇಕು. ನಿಲ್ದಾಣದ ಆಸುಪಾಸನ್ನು ಬಿಟ್ಟು ಹೊರಗೆ ಹೋಗುವುದಾದರೆ ವಾಯುರಕ್ಷಣೆಯವರ ಅನುಮತಿಯ ಸಂಖ್ಯೆ ಪಡೆಯಬೇಕು. ವಿಮಾನದ ಸುತ್ತ ನಡೆದು ಮೊಳೆ, ಕೀಲು, ಟೈರುಗಳನ್ನು ಮುಟ್ಟಿ ನೋಡಬೇಕು; ಪೆಟ್ರೋಲಿನಲ್ಲಿ ನೀರು ಬೆರೆತಿದೆಯೇ ಎಂದು ಗಾಜಿನ ಲೋಟದಲ್ಲಿ ಹಿಡಿದು ಪರೀಕ್ಷಿಸಬೇಕು. ಒಂದು ಗಂಟೆಯ ಹಾರಾಟಕ್ಕೆ ಒಂದು ಇಡೀ ದಿನ ಸಲ್ಲುತ್ತದೆ.

ಆ ದಿನವಾದರೂ ಯಾವ ದಿನವಾಗಬಹುದು? ಹವ್ಯಾಸಿಯು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ನೆಲವನ್ನು ನಂಬಿ ಹಾರುವವನು. ಅವನಿಗೆ ಕನಿಷ್ಠ ಐದು ಕಿಲೋಮೀಟರ್ ದೂರ ಸ್ಪಷ್ಟವಾಗಿ ಕಾಣುತ್ತಿರಬೇಕು. ಮೋಡಗಳಿಂದ ನಿಗದಿಯಾದಷ್ಟು ಅಂತರದಲ್ಲಿರಬೇಕು. ಸೂರ್ಯ ಮುಳುಗುವುದರೊಳಗೆ ನೆಲಕ್ಕೆ ಮರಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡಗಳ ಕಾಟ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲಿನ ಕಾಟ. ಬಿಸಿಲು ವಿಮಾನಕ್ಕೆ ಏನು ಮಾಡೀತು ಎಂದು ಕೇಳಬಹುದು. ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ತಿರುಗುವ ಪಂಖಕ್ಕೆ ಹಿಡಿತ ಕಡಿಮೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಆದರೆ ಉಷ್ಣತೆ 40 ಡಿಗ್ರಿಗೆ ಏರಿದ ಮಧ್ಯಾಹ್ನ ಅಲ್ಲಿಯ ವಿಮಾನ 1,500 ಮೀಟರ್ ಎತ್ತರದ ಬೆಟ್ಟದ ಮೇಲಿನಿಂದ ಹೊರಡುತ್ತಿರುವಂತೆ ಏದುಸಿರು ಬಿಡುತ್ತದೆ. ಓಟ ಉದ್ದವಾಗುತ್ತದೆ, ಏರುವುದು ಮಂದವಾಗುತ್ತದೆ. ಮೇಲಾಗಿ ಕಾದ ಎರೆಭೂಮಿಯಿಂದ ಎದ್ದ ಬಿಸಿಗಾಳಿಯ ಕಂಬಗಳು ಹಗುರವಾದ ವಿಮಾನವನ್ನು ಮೊರದಲ್ಲಿ ಕಾಳು ಕೇರಿದಂತೆ ಕೇರುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ನಸುಕಿನ ಎರಡು–ಮೂರು ಗಂಟೆಗಳೇ ಹಾರಾಟಕ್ಕೆ ಸುಖ. ಆ ಗಂಟೆಗಳಿಗಾಗಿಯೇ ವಿದ್ಯಾರ್ಥಿಗಳೂ ಸಾಲುಗಟ್ಟಿರುತ್ತಾರೆ. ಶಾಲೆಯ ಬದುಕು ನಡೆಯುವುದು ಇನ್ನೂರು ಗಂಟೆ ಕೊಳ್ಳುವ ವಿದ್ಯಾರ್ಥಿಯಿಂದ, ವರ್ಷಕ್ಕೆ ಐದು ಗಂಟೆ ಕೊಳ್ಳುವ ಹವ್ಯಾಸಿಯಿಂದಲ್ಲ. ಇದರಲ್ಲಿ ಯಾರನ್ನೂ ದೂಷಿಸುವಂತಿಲ್ಲ. ಆದರೆ ಹವ್ಯಾಸಿಯ ಸರದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಉಳಿದದ್ದು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಗಾಲ. ಹಾರಾಟಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ತೊಗರಿಯ ರಾಶಿ ನಡೆಯುವುದೂ ಆ ತಿಂಗಳುಗಳಲ್ಲಿಯೇ! ಗಿರಣಿಯ ಮುಂದೆ ಚೀಲಗಳು ಬೆಟ್ಟದಂತೆ ಬಿದ್ದಿರುವಾಗ, ರೈತರು ತೂಕಕ್ಕೂ ದುಡ್ಡಿಗೂ ಕಾದು ಕುಳಿತಿರುವಾಗ, ಯಜಮಾನರು ಬೆಳಗಿನ ಹವೆ ಚೆನ್ನಾಗಿದೆಯೆಂದು ಕಲಬುರಗಿಗೆ ಹೊರಟಾರೆಯೇ? ಪ್ರತಿಯೊಬ್ಬ ಹವ್ಯಾಸಿಗೂ ಇಂಥದೊಂದು ಸುಗ್ಗಿ ಉಂಟು. ವೈದ್ಯನಿಗೆ ರೋಗಿಗಳು, ವಕೀಲನಿಗೆ ಕಟ್ಲೆಗಳು, ಮಕ್ಕಳೊಂದಿಗನಿಗೆ ಪರೀಕ್ಷೆ, ಮದುವೆ, ಬಾಣಂತನಗಳು. ಹಾರಾಟಕ್ಕೆ ಹಣ ಒದಗುವ ವಯಸ್ಸೇ ಹೊಣೆಗಳು ಹೆಗಲೇರುವ ವಯಸ್ಸು.

ಎರಡನೆಯದು ನೆಲೆಯ ಅಭಾವ. ಆಕಾಶ ವಿಶಾಲವೆಂಬುದು ನೆಲದಲ್ಲಿ ನಿಂತವರ ಮಾತು. ಹಾರುವವನಿಗೆ ಬೇಕಾದದ್ದು ಇಳಿಯುವ ನೆಲ. ಜಕ್ಕೂರಿನ ಕಥೆಯನ್ನೇ ನೋಡಿ. ಶಾಲೆ ಆರಂಭವಾದಾಗ ಅದು ಊರ ಹೊರಗಿನ ಬಯಲು. ಬೆಂಗಳೂರು ಬೆಳೆಯುತ್ತ ಬೆಳೆಯುತ್ತ ಬಯಲಿನ ಬೇಲಿಗೆ ಬಂದು ಮುಟ್ಟಿತು. ಪಕ್ಕದ ಯಲಹಂಕದಲ್ಲಿ ವಾಯುಪಡೆಯ ನೆಲೆ. 2008ರ ಮೇ ತಿಂಗಳಿನಿಂದ ಉತ್ತರಕ್ಕೆ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ. ಆಗ್ನೇಯಕ್ಕೆ ಹಳೆಯ ಎಚ್.ಎ.ಎಲ್. ನಿಲ್ದಾಣ. ಈ ಮೂರರ ನಡುವೆ ಜಕ್ಕೂರಿನ ಪಾಲಿಗೆ ಉಳಿದದ್ದು ಆಕಾಶದ ಒಂದು ಓಣಿ. ದೇವನಹಳ್ಳಿಗೆ ಹೋಗುವವರ ಅನುಕೂಲಕ್ಕಾಗಿ ಬಳ್ಳಾರಿ ರಸ್ತೆಯ ಮೇಲೆ ಎತ್ತರದ ರಸ್ತೆ ಎದ್ದಾಗ, ಅದು ರನ್‌ವೇಯ ತುದಿಗೆ ಅಡ್ಡಗೋಡೆಯಂತಾಗಿ ಬಳಸಲು ಬರುವ ಉದ್ದವೇ ಕುಗ್ಗಿತು. ದೊಡ್ಡ ವಿಮಾನವನ್ನು ಹಿಡಿಯಲು ಓಡುವವರ ರಸ್ತೆ ಸಣ್ಣ ವಿಮಾನದ ದಾರಿಗೆ ಅಡ್ಡ ಬಂತು. ಹವ್ಯಾಸಿಯ ಪಾಡನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಚಿತ್ರ ನನಗೆ ತಿಳಿಯದು.

ನಮ್ಮ ಭಾಗದ ಸ್ಥಿತಿಯೂ ಭಿನ್ನವಲ್ಲ. 1956ರವರೆಗೆ ಗುರುಮಠಕಲ್ಲು ಹೈದರಾಬಾದ್ ಸಂಸ್ಥಾನದ್ದು. ಆ ಕಾಲದಲ್ಲಿ ನಮಗೆ ಸಮೀಪದ ವಿಮಾನ ಬಯಲೆಂದರೆ, ನೇರ ರೇಖೆಯಲ್ಲಿ 130 ಕಿಲೋಮೀಟರ್ ದೂರದ ಬೇಗಂಪೇಟೆ. ಜಕ್ಕೂರಾದರೋ ನಾನೂರು ಕಿಲೋಮೀಟರಿಗೂ ಆಚೆ. ಇಂದು ಬೇಗಂಪೇಟೆಯ ಸುತ್ತ ಮಹಾನಗರ ದಟ್ಟವಾಗಿ ಮುತ್ತಿದೆ; ಶಂಷಾಬಾದಿನ ದೊಡ್ಡ ವಿಮಾನಗಳ ದಾರಿಗಳು ಅದರ ಆಸುಪಾಸಿನಲ್ಲಿವೆ. ಉತ್ತರಕ್ಕೆ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ. ಅದರ ಆಕಾಶಕ್ಕೆ ಅನುಮತಿಯಿಲ್ಲದೆ ಹೊಗುವಂತಿಲ್ಲ. ಇನ್ನು ಯಜಮಾನರು ಕಲಬುರಗಿಯಿಂದ ಹೊರಟು ತಮ್ಮ ಗುರುಮಠಕಲ್ಲಿನ ಮೇಲೆ ಬಂದರೆಂದೇ ಇಟ್ಟುಕೊಳ್ಳಿ. ಕೋಟೆ, ಕೆರೆ, ಗುಡ್ಡ, ಗಿರಣಿಯ ತಗಡಿನ ಮಾಡು ಎಲ್ಲವೂ ಕಂಡವು. ಆಮೇಲೆ? ಇಳಿಯಲು ಪಟ್ಟಿಯಿಲ್ಲ. ಹೊರಟಲ್ಲಿಗೇ ಮರಳಬೇಕು.

ಈ ‘ಆಮೇಲೆ?’ ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಬಹಳ ಮಂದಿಯನ್ನು ನೆಲಕ್ಕಿಳಿಸಿರುವುದು ಇದೇ. ಕಲಿಯುವಾಗ ಪ್ರತಿ ಹಾರಾಟಕ್ಕೂ ಒಂದು ಗುರಿಯಿತ್ತು: ಇಂದು ತಿರುವು, ನಾಳೆ ಇಳಿತ, ನಾಡಿದ್ದು ಒಬ್ಬಂಟಿ ಹಾರಾಟ. ಲೈಸೆನ್ಸು ಕೈಗೆ ಬಂದ ದಿನ ಗುರಿಯೂ ಮುಗಿಯಿತು. ಬಳಿಕ ಬಂಧುಗಳನ್ನು ಒಬ್ಬೊಬ್ಬರಾಗಿ ಕೂರಿಸಿ ತೋರಿಸಿದ್ದಾಯಿತು. ಅದೇ ಬಯಲು, ಅದೇ ಸುತ್ತು. ಅಮೆರಿಕದಲ್ಲಿ ಸಣ್ಣ ವಿಮಾನಗಳು ಇಳಿಯಬಹುದಾದ ಸಾವಿರಾರು ಸಾರ್ವಜನಿಕ ನಿಲ್ದಾಣಗಳಿವೆ. ಎಷ್ಟೋ ಕಡೆ ರನ್‌ವೇಯ ಪಕ್ಕದಲ್ಲಿಯೇ ಊಟದ ಮನೆಯಿರುತ್ತದೆ. ಅಲ್ಲಿಯ ಹವ್ಯಾಸಿಗಳು ಭಾನುವಾರ ಪಕ್ಕದ ಊರಿಗೆ ಹಾರಿ, ಉಂಡು ಬರುವುದನ್ನೇ ಒಂದು ನೆಪ ಮಾಡಿಕೊಂಡಿದ್ದಾರೆ. ನೆಪವೆಂದು ನಾವು ನಗಬಾರದು. ಜಾತ್ರೆಗೆ ಹೋಗುವವನಿಗೆ ದೇವರೂ ಬೇಕು, ಮಿಠಾಯಿಯೂ ಬೇಕು. ಹೋಗಲು ಊರಿಲ್ಲದ ದಾರಿಯಲ್ಲಿ ಎಷ್ಟು ದಿನ ನಡೆದಾಡಬಹುದು?

ಮೂರನೆಯದು ಹಣದ ಲೆಕ್ಕ. ಸಾಧಾರಣವಾದ ನಾಲ್ಕು ಆಸನದ ವಿಮಾನ ಗಂಟೆಗೆ ಮೂವತ್ತು–ಮೂವತ್ತೈದು ಲೀಟರ್ ಪೆಟ್ರೋಲು ಕುಡಿಯುತ್ತದೆ. ಅದೂ ಬೀದಿಯ ಬಂಕಿನ ಪೆಟ್ರೋಲಲ್ಲ. ಸೀಸ ಬೆರೆಸಿದ, ವಿಮಾನಕ್ಕೆಂದೇ ತಯಾರಾದ ವಿಶೇಷ ಪೆಟ್ರೋಲು. ದೊಡ್ಡ ವಿಮಾನಗಳು ಉರಿಸುವುದು ಸೀಮೆಎಣ್ಣೆಯ ಜಾತಿಯ ಇಂಧನವನ್ನು; ಅದು ಇವಕ್ಕೆ ಒಗ್ಗದು. ಈ ವಿಶೇಷ ಪೆಟ್ರೋಲನ್ನು ನಮ್ಮ ದೇಶ ಬಹುಕಾಲ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ವಡೋದರದ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ಸ್ವದೇಶಿ ಪೆಟ್ರೋಲನ್ನು ಬಿಡುಗಡೆ ಮಾಡಿತು. ಬಳಸುವವರು ಕೆಲವರೇ ಆದ ವಸ್ತು ಎಲ್ಲೆಲ್ಲಿಯೂ ಸಿಗುವುದಿಲ್ಲ, ಅಗ್ಗವಾಗಿಯೂ ಸಿಗುವುದಿಲ್ಲ.

ಇಂಧನಕ್ಕಿಂತಲೂ ಭಾರವಾದದ್ದು ಹಾರಿದರೂ ಹಾರದಿದ್ದರೂ ತಪ್ಪದ ಖರ್ಚು: ಹ್ಯಾಂಗರಿನ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ. ಸ್ವಂತ ವಿಮಾನವಿದ್ದವರಿಗೆ ಈ ಬಾಬ್ತು ವರ್ಷಕ್ಕೆ ಐದು ಲಕ್ಷ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನೂರು ಗಂಟೆ ಹಾರಿದರೆ ಗಂಟೆಗೆ ಐದು ಸಾವಿರ ಬೀಳುತ್ತದೆ. ಹತ್ತೇ ಗಂಟೆ ಹಾರಿದರೆ ಐವತ್ತು ಸಾವಿರ. ಅಂದರೆ ಕಡಿಮೆ ಹಾರಿದಷ್ಟೂ ಹಾರಾಟ ದುಬಾರಿ. ದುಬಾರಿಯಾದಷ್ಟೂ ಇನ್ನೂ ಕಡಿಮೆ. ಗಾಣದ ಎತ್ತಿನಂತೆ ಲೆಕ್ಕ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಈ ಸುತ್ತು ಕೇವಲ ಹಣದಲ್ಲಿಲ್ಲ ಎಂಬುದೇ ಇಂದಿನ ಮಾತಿನ ಮುಖ್ಯ ಸಂಗತಿ. ಅದು ಯಂತ್ರದಲ್ಲಿದೆ, ಮನುಷ್ಯನಲ್ಲಿಯೂ ಇದೆ.

ಯಂತ್ರವನ್ನು ಮೊದಲು ನೋಡೋಣ. ಓಡಿಸಿದರೆ ಸವೆದೀತೆಂದು ನಾವು ವಸ್ತುಗಳನ್ನು ಮುಚ್ಚಿಡುತ್ತೇವೆ. ವಿಮಾನದ ಎಂಜಿನ್ನು ನಿಂತರೆ ಕೆಡುತ್ತದೆ. ಸುಡುವ ಪೆಟ್ರೋಲಿನಿಂದ ಹುಟ್ಟಿದ ನೀರಿನ ಪಸೆ ಒಳಗೇ ಉಳಿಯುತ್ತದೆ. ಒಂದು ಗಂಟೆ ಚೆನ್ನಾಗಿ ಹಾರಿದರೆ ಆ ಪಸೆ ಆವಿಯಾಗಿ ಹೋಗುತ್ತದೆ. ವಾರಗಟ್ಟಲೆ ನಿಂತರೆ ಎಣ್ಣೆಯ ಪೊರೆ ಇಳಿದುಹೋಗಿ ಒಳಗಿನ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿಯೇ ಲೈಕಮಿಂಗ್‌ನಂತಹ ತಯಾರಕರು ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಹೊಸದು ಮಾಡುವ ಅವಧಿಯನ್ನು ಗಂಟೆಗಳಲ್ಲಿ ಮಾತ್ರ ಹೇಳದೆ ವರ್ಷಗಳಲ್ಲಿಯೂ ಹೇಳುತ್ತಾರೆ: ಹಲವು ಮಾದರಿಗಳಿಗೆ 2,000 ಗಂಟೆ, ಇಲ್ಲವೆ 12 ವರ್ಷ, ಯಾವುದು ಮೊದಲೋ ಅದು.

ಮನುಷ್ಯನಿಗೂ ತುಕ್ಕು ಹಿಡಿಯುತ್ತದೆ. ಬಯಲಾಟದ ಕಲಾವಿದನನ್ನು ಕೇಳಿ. ಎರಡು ವರ್ಷ ಗೆಜ್ಜೆ ಕಟ್ಟದಿದ್ದರೆ ಹಾಡು ನೆನಪಿದ್ದೀತು, ಕುಣಿತದ ಲಯ ಜಾರಿರುತ್ತದೆ. ಈಜು, ಸೈಕಲ್ಲು ಒಮ್ಮೆ ಕಲಿತರೆ ಮರೆಯುವುದಿಲ್ಲವೆನ್ನುತ್ತಾರೆ. ಹಾರಾಟದ ಕೈಕೆಲಸವೂ ಸ್ವಲ್ಪಮಟ್ಟಿಗೆ ಹಾಗೆಯೇ: ವಿಮಾನವನ್ನು ನೆಟ್ಟಗೆ ಹಿಡಿಯುವುದು, ತಿರುಗಿಸುವುದು ಬೇಗ ಮರೆಯದು. ಜಾರುವುದು ತಲೆಯ ಕೆಲಸ. ಇಳಿಯುವ ಮುನ್ನ ಯಾವುದರ ನಂತರ ಯಾವುದು, ರೇಡಿಯೋದಲ್ಲಿ ನಿಯಂತ್ರಕರು ಹೇಳಿದ್ದರ ಅರ್ಥವೇನು, ಪಕ್ಕದಿಂದ ಗಾಳಿ ಬೀಸಿದರೆ ಎಷ್ಟು ಓರೆ ಹಿಡಿಯಬೇಕು, ಎಂಜಿನ್ನು ತಟ್ಟನೆ ನಿಂತರೆ ಮೊದಲ ಮೂರು ಸೆಕೆಂಡುಗಳಲ್ಲಿ ಏನು ಮಾಡಬೇಕು? ಇವು ಯೋಚಿಸಿ ಹೇಳುವ ಉತ್ತರಗಳಲ್ಲ, ಕೇಳುವ ಮೊದಲೇ ಬರಬೇಕಾದ ಉತ್ತರಗಳು. 1983ರಲ್ಲಿ ಅಮೆರಿಕದ ವಿಮಾನಯಾನ ಆಡಳಿತದ ಆಶ್ರಯದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಲೈಸೆನ್ಸು ಪಡೆದ ಖಾಸಗಿ ಚಾಲಕರನ್ನು 8, 16 ಮತ್ತು 24 ತಿಂಗಳುಗಳ ಬಳಿಕ ಮತ್ತೆ ಪರೀಕ್ಷಿಸಿದರು. ಕೌಶಲಗಳು ಗಣನೀಯವಾಗಿ ಇಳಿದಿದ್ದವು. ತಮ್ಮಲ್ಲಿ ಯಾವ ಕೌಶಲ ಎಷ್ಟು ಕುಂದಿದೆ ಎಂಬುದನ್ನು ಸರಿಯಾಗಿ ಊಹಿಸುವುದು ಸ್ವತಃ ಚಾಲಕರಿಗೂ ಸಾಧ್ಯವಾಗಿರಲಿಲ್ಲ. ತುಕ್ಕು ಒಳಗಿನಿಂದ ಹಿಡಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಹೀಗೆ ಅಂತರ ಬೆಳೆದಂತೆ ಆತ್ಮವಿಶ್ವಾಸ ತಗ್ಗುತ್ತದೆ. ಮೂರು ತಿಂಗಳ ನಂತರ ವಿಮಾನದ ಬಳಿ ಬಂದ ಯಜಮಾನರ ಎದೆಯಲ್ಲಿ ಮೊದಲಿನ ಉಲ್ಲಾಸಕ್ಕೆ ಬದಲಾಗಿ ಸಣ್ಣದೊಂದು ಅಳುಕು. ಗಾಳಿ ಸ್ವಲ್ಪ ಹೆಚ್ಚಿದ್ದರೆ ‘ಇಂದು ಬೇಡ’ ಎನ್ನುತ್ತಾರೆ. ಮನೆಯಲ್ಲಿ ತಾಯಿ, ‘ಯಾಕಪ್ಪಾ, ಆ ಉಸಾಬರಿ ನಿನಗ ಇನ್ನಾದರೂ ಬೇಕೇನು?’ ಎಂದಾಗ ಮೊದಲು ನಗುತ್ತಿದ್ದವರು ಈಗ ಸುಮ್ಮನಾಗುತ್ತಾರೆ. ಅಂತರ ಅಳುಕನ್ನು ಹೆರುತ್ತದೆ. ಅಳುಕು ಇನ್ನೊಂದು ಅಂತರವನ್ನು.

ಬಡ ದೇಶದ, ಬಿಸಿಲುನಾಡಿನ ತೊಂದರೆಗಳಿವು ಎಂದು ಯಾರಾದರೂ ಹೇಳಿಯಾರು. ಹಾಗಲ್ಲ. ಅಮೆರಿಕದಲ್ಲಿ ಬಯಲುಗಳಿವೆ, ಪೆಟ್ರೋಲಿದೆ, ಸ್ವಾತಂತ್ರ್ಯವಿದೆ. 1980ರಲ್ಲಿ ಅಲ್ಲಿ ಖಾಸಗಿ ಲೈಸೆನ್ಸಿನ ಚಾಲಕರು ಸುಮಾರು ಮೂರೂವರೆ ಲಕ್ಷ. ನಲವತ್ತು ವರ್ಷಗಳ ನಂತರ ಅದರ ಅರ್ಧಕ್ಕೂ ಕಡಿಮೆ. 1978ರಲ್ಲಿ ಅಲ್ಲಿಯ ಕಾರ್ಖಾನೆಗಳು 17,811 ಸಾಮಾನ್ಯ ಬಳಕೆಯ ವಿಮಾನಗಳನ್ನು ಹೊರಗೆ ಕಳಿಸಿದವು; 1994ರಲ್ಲಿ ಕೇವಲ 928. ಎಪ್ಪತ್ತರ ದಶಕದಲ್ಲಿ ಎರಡು ಬಾರಿ ತೈಲದ ಬೆಲೆ ಜಿಗಿದದ್ದು ಒಂದು ಪೆಟ್ಟು. ಅಪಘಾತವಾದಾಗ ಹಳೆಯ ವಿಮಾನಕ್ಕೂ ತಯಾರಕರನ್ನೇ ನ್ಯಾಯಾಲಯಕ್ಕೆ ಎಳೆಯುವ ಪದ್ಧತಿ ಇನ್ನೊಂದು ಪೆಟ್ಟು. ಹೆಸರಾಂತ ಸೆಸ್ನಾ ಕಂಪನಿಯೇ 1986ರಲ್ಲಿ ಸಣ್ಣ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಿತು. 1994ರ ಕಾಯಿದೆಯೊಂದು ತಯಾರಕರ ಹೊಣೆಯನ್ನು ಹದಿನೆಂಟು ವರ್ಷಗಳಿಗೆ ಮಿತಗೊಳಿಸಿದ ಬಳಿಕವೇ ಅದು ಮತ್ತೆ ಕೈಹಚ್ಚಿದ್ದು. ಸೌಕರ್ಯ ತುಂಬಿದ ನಾಡಿನಲ್ಲಿಯೂ ಹೀಗಾಗಿರುವಾಗ, ಸೌಕರ್ಯ ಕಡಿಮೆಯಿರುವ ನಮ್ಮಲ್ಲಿ ಆಶ್ಚರ್ಯವೇನು?

ಹಾಗಾದರೆ ಹಾರದೆ ಕುಳಿತವನು ಸೋತವನೇ? ಇಲ್ಲೊಂದು ವಿವೇಕದ ಮಾತು ಹೇಳಬೇಕು. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದ ಚಾಲಕನು ಹಿಂದಿನ 90 ದಿನಗಳಲ್ಲಿ ಮೂರು ಸಲವಾದರೂ ಏರಿ ಇಳಿದಿರಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಆ ನಿಯಮ ಹೇಳುವುದು ಅತ್ಯಂತ ಕನಿಷ್ಠವನ್ನು. ಕಾಗದದ ಮೇಲಿನ ಹಕ್ಕು ಬೇರೆ, ಕೈಯಲ್ಲಿರುವ ಅರ್ಹತೆ ಬೇರೆ. ಆರು ತಿಂಗಳ ನಂತರ ಬಂದು, ಮೊಮ್ಮಕ್ಕಳನ್ನು ಕೂರಿಸಿಕೊಂಡು ಹುರುಪಿನಿಂದ ಏರುವವನಿಗಿಂತ, ‘ನನ್ನ ಕೈ ಈಗ ಹದದಲ್ಲಿಲ್ಲ’ ಎಂದು ಕೆಳಗೇ ನಿಲ್ಲುವವನು ನಿಜವಾದ ವೈಮಾನಿಕ. ಆದರೆ ಅಲ್ಲಿಗೇ ನಿಂತರೆ ವಿದ್ಯೆ ಕೊನೆಯಾಗುತ್ತದೆ. ಅವನು ಮಾಡಬೇಕಾದದ್ದು ಶಿಕ್ಷಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಪಾಠಕ್ಕೆ ಕೂರುವುದು. ದೊಡ್ಡ ಕಂಪನಿಗಳ ಚಾಲಕರು ಸಾವಿರಾರು ಗಂಟೆ ಹಾರಿದ ಮೇಲೆಯೂ ಕಾಲಕಾಲಕ್ಕೆ ಅಣಕು ಯಂತ್ರದಲ್ಲಿ ಕುಳಿತು ಪರೀಕ್ಷೆ ಕೊಡುತ್ತಾರೆ, ಅದರಲ್ಲಿ ಅವಮಾನವಿಲ್ಲ. ಹವ್ಯಾಸಿಗೆ ಮಾತ್ರ ಏಕೋ ಸಂಕೋಚ.

ದಾರಿಗಳು ಇಲ್ಲದಿಲ್ಲ. ಹತ್ತು ಮಂದಿ ಕೂಡಿ ಒಂದು ವಿಮಾನವನ್ನು ಇಟ್ಟುಕೊಂಡರೆ ತಪ್ಪದ ಖರ್ಚು ಹತ್ತು ಪಾಲಾಗುತ್ತದೆ, ಎಂಜಿನ್ನೂ ತುಕ್ಕು ಹಿಡಿಯದೆ ಓಡುತ್ತಿರುತ್ತದೆ. ಹಳೆಯ ಕ್ಲಬ್ಬುಗಳ ಮರ್ಮ ಇದೇ ಆಗಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳು ರೂಪಿಸಿದ ‘ಹಂಸ’ ಎಂಬ ಎರಡು ಆಸನದ ವಿಮಾನ 1993ರ ನವೆಂಬರ್ 17ರಂದು ಮೊದಲು ಹಾರಿತು. ಅದರ ಹೊಸ ರೂಪ 2021ರ ಸೆಪ್ಟೆಂಬರ್ 3ರಂದು ಹಾರಿತು. ಇಂಥ ಹಗುರ ಯಂತ್ರಗಳು ಕಡಿಮೆ ಇಂಧನ ಬೇಡುತ್ತವೆ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇರುವ ಕಲಬುರಗಿಯಂತಹ ನಿಲ್ದಾಣಗಳಲ್ಲಿ, ವಾರಕ್ಕೊಂದು ನಸುಕನ್ನು ಹವ್ಯಾಸಿಗಳಿಗೆಂದು ತೆಗೆದಿಟ್ಟರೆ ಯಾರಿಗೂ ಹೆಚ್ಚಿನ ನಷ್ಟವಾಗದು. ಆದರೆ ಏರ್ಪಾಟುಗಳೆಲ್ಲ ಅರ್ಧ ಕೆಲಸ. ಉಳಿದ ಅರ್ಧ ಹವ್ಯಾಸಿಯ ನೇಮ. ಜೆ. ಆರ್. ಡಿ. ಟಾಟಾ ಅವರು 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹಳೆಯ ಸಣ್ಣ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿದರು. ಅವರಿಗೆ ಅನುಕೂಲಗಳಿದ್ದವು ನಿಜ. ಆದರೆ ಐವತ್ತು ವರ್ಷ ಹಳೆಯದಾದ ಕೌಶಲ ಅನುಕೂಲದಿಂದಲೇ ಉಳಿಯುವುದಿಲ್ಲ. ಬಿಡದೆ ಮಾಡಿದ ಅಭ್ಯಾಸದಿಂದ ಉಳಿಯುತ್ತದೆ.

ಈ ಮಾತು ಹಾರದವರಾದ ನಮಗೂ ಸಲ್ಲುತ್ತದೆ. ಮೂಲೆಯಲ್ಲಿಟ್ಟ ಹಾರ್ಮೋನಿಯಂ, ಅರ್ಧಕ್ಕೆ ಬಿಟ್ಟ ಲಿಪಿ, ಅಜ್ಜಿಯಿಂದ ಕಲಿತು ಮರೆತ ಕೌದಿಯ ಹೊಲಿಗೆ ನಮ್ಮ ಮನೆಗಳಲ್ಲಿಯೂ ಇವೆ. ಅವನ್ನು ನಾವು ಒಂದು ದಿನ ಕುಳಿತು ‘ಬಿಟ್ಟೆವು’ ಎಂದು ನಿರ್ಧರಿಸಲಿಲ್ಲ. ನಾಳೆ, ಮುಂದಿನ ವಾರ, ಸುಗ್ಗಿ ಮುಗಿದ ಮೇಲೆ ಎನ್ನುತ್ತ ಎನ್ನುತ್ತ ಅವು ತಾವಾಗಿ ದೂರವಾದವು. ಹವ್ಯಾಸಿ ವೈಮಾನಿಕನಿಗೂ ನಮಗೂ ಇರುವ ಭೇದ ಇಷ್ಟೇ: ನಮ್ಮ ತಪ್ಪು ಸ್ವರವನ್ನು ಮನೆಯವರು ಕ್ಷಮಿಸುತ್ತಾರೆ, ನೆಲ ಅವನ ತಪ್ಪನ್ನು ಕ್ಷಮಿಸುವುದಿಲ್ಲ.

ನಮ್ಮ ಯಜಮಾನರು ಏನು ಮಾಡಿಯಾರು? ರಾಶಿಯ ಕಾಲ ಕಳೆದು, ಗಿರಣಿಯ ಪಟ್ಟ ನಿಂತ ಒಂದು ಮುಂಜಾವಿನಲ್ಲಿ ಪೆಟ್ಟಿಗೆಯ ತಳದಿಂದ ಆ ಪುಸ್ತಕವನ್ನು ತೆಗೆದು, ಧೂಳು ಒರೆಸಿ, ಸೇಡಂ ದಾರಿ ಹಿಡಿದಾರೆಂದು ನನ್ನ ನಂಬಿಕೆ. ಆ ದಿನ ಅವರು ಎಡಗಡೆಯ ಆಸನದಲ್ಲಿ ಕುಳಿತು, ಬಲಗಡೆ ತಮ್ಮ ಅರ್ಧ ವಯಸ್ಸಿನ ಶಿಕ್ಷಕನನ್ನು ಕೂರಿಸಿಕೊಂಡು, ‘ಮೊದಲಿನಿಂದ ಹೇಳಿಕೊಡ್ರಿ’ ಎನ್ನಲಿ. ಮೂರು ಸಲ ಏರಿ ಮೂರು ಸಲ ಇಳಿದರೆ ಸಾಕು. ಊರಿನ ಮೇಲೆ ಹಾರಿ ಬರುವುದು ಅದರ ಮುಂದಿನ ವಾರಕ್ಕಿರಲಿ.

(ಬಾನುಲಿ ಭಾಷಣದ ಬರಹರೂಪ)